ಗೀಸರಿನ ಕೆಳಗಿನ ನೀರು

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮಠಕ್ಕೆ ಒಬ್ಬ ಗುರು. ಶಿಷ್ಯರೂ ಊರವರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರ ಪೂರ್ತಿ ಹೆಸರು ಬಲ್ಲವರು ಯಾರೂ ಉಳಿದಿರಲಿಲ್ಲ.

ಶಿಷ್ಯರಲ್ಲಿ ಅಡಿವೆಪ್ಪನಿಗೆ ಪ್ರಶ್ನೆ ಕೇಳದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ಒಂದಕ್ಕೆ ಉತ್ತರ ಬರುವ ಮೊದಲೇ ಇನ್ನೊಂದು ತಯಾರಾಗಿರುತ್ತಿತ್ತು.

ಚಳಿಗಾಲದ ಒಂದು ಮುಂಜಾನೆ ಅವನು ಅಜ್ಜಾರ ಮುಂದೆ ಬಂದು ಕೂತ.

"ಅಜ್ಜಾರ, ಈ ಜಗತ್ತಿನ ದುಃಖಕ್ಕೆಲ್ಲ ಮೂಲ ಯಾವುದ್ರಿ?"

ಅಜ್ಜಾರು ಎಳೆ ಬಿಸಿಲಿಗೆ ಕಾಲು ಚಾಚಿಕೊಂಡಿದ್ದರು.

"ನಿನ್ನ ಧೋತ್ರದ ಅಂಚು ಯಾಕ ತೊಯ್ದೈತಿ?" ಎಂದರು.

"ಬಚ್ಚಲಮನ್ಯಾಗ ನೀರು ನಿಂತೈತ್ರಿ. ಗೀಸರ್ ಸೋರಾಕತ್ತೈತಿ."

"ಯಾಕ ಸೋರಾಕತ್ತೈತಿ?"

"ಸಂಗಯ್ಯ ಕೆಡಿಸ್ಯಾನ್ರಿ."

ಜಗತ್ತಿನ ದುಃಖದ ಬಗ್ಗೆ ಅಷ್ಟು ಯೋಚಿಸುವವನು ಈ ಮಾತಿಗೆ ಒಂದು ಗಳಿಗೆಯನ್ನೂ ಖರ್ಚು ಮಾಡಲಿಲ್ಲ.

ಆ ಗ್ಯಾಸ್ ಗೀಸರ್ ಮಠಕ್ಕೆ ಬಂದದ್ದು ಯುಗಾದಿ ಆದ ಮೇಲೆ. ಅಡುಗೆಮನೆಯ ನೀಲವ್ವನಿಗೆ ವಯಸ್ಸಾಗಿತ್ತು. ಬೆಳಗಿನ ಹೊತ್ತು ಅವಳ ಬೆರಳು ಸೆಟೆದುಕೊಂಡು ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಕೂತರೆ ಮಾತ್ರ ರೊಟ್ಟಿ ಬಡಿಯಲು ಆಗುತ್ತಿತ್ತು. ಅದನ್ನು ಕಂಡ ಭಕ್ತರೊಬ್ಬರು ಗೀಸರ್ ತಂದು ಬಚ್ಚಲಮನೆಯ ಗೋಡೆಗೆ ಹಾಕಿಸಿದ್ದರು. ಸಿಲಿಂಡರು ಗೋಡೆಯ ಆಚೆ, ಹೊರಗೆ.

ಗೀಸರ್ ನೋಡಿಕೊಳ್ಳುವ ಕೆಲಸ ಅಡಿವೆಪ್ಪನದು. ಹೊಳೆಯಿಂದ ಪೂಜೆಯ ನೀರು ತರುವ ಕೆಲಸ ಸಂಗಯ್ಯನದು. ಸಂಗಯ್ಯ ಕಡಿಮೆ ಮಾತಿನವನು. ತಾನಾಯಿತು, ತನ್ನ ಹಿತ್ತಾಳೆ ಕೊಡವಾಯಿತು.

"ಸಂಗಯ್ಯ ಕೆಡಿಸಿದ್ದನ್ನ ನೀ ನೋಡಿದ್ಯಾ?" ಎಂದು ಅಜ್ಜಾರು ಕೇಳಿದರು.

"ದಿನಾ ನೋಡೀನ್ರಿ. ಹೊಳಿಯಿಂದ ಬಂದಾವ ಹಸಿ ಧೋತ್ರ ಹಿಂಡಿ ಗೀಸರಿನ ಪೈಪಿನ ಮ್ಯಾಲ ಹಾಕತಾನ. ಆ ಭಾರಕ್ಕ ಪೈಪ್ ಸಡಲ ಆಗೈತಿ. ನೀರು ಬೀಳೂದೂ ಅಲ್ಲೇ, ಸರಿಯಾಗಿ ಅದರ ಕೆಳಗ."

"ಅವಗ ಹೇಳಿದ್ಯಾ?"

"ನಿನ್ನೆ ಪ್ರಸಾದಕ್ಕ ಕುಂತಾಗ ಎಲ್ಲಾರ ಮುಂದನ ಹೇಳಿದೆ."

"ಅವ ಏನಂದ?"

"ಏನೂ ಅನಲಿಲ್ರಿ. ಕೊಡ ಬೋರಲ ಹಾಕ್ಯಾನ."

ಅಜ್ಜಾರು ಕಾಲು ಮಡಚಿಕೊಂಡರು.

ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಮಠ ಬಿಟ್ಟು ಹೊರಡುವವನು ಯಾರಿಗೂ ಹೇಳುತ್ತಿರಲಿಲ್ಲ. ತನ್ನ ಕೊಡವನ್ನು ಪೂಜೆಯ ಕೋಣೆಯ ಬಾಗಿಲಲ್ಲಿ ಬೋರಲು ಇಡುತ್ತಿದ್ದ. ನೋಡಿದವರು ತಿಳಿದುಕೊಳ್ಳುತ್ತಿದ್ದರು. ಬೇರೆ ಯಾರೂ ಆ ಕೊಡ ಮುಟ್ಟುತ್ತಿರಲಿಲ್ಲ. ಇರು ಎಂದು ತಡೆಯುವುದಾಗಲಿ, ಯಾಕೆ ಎಂದು ಕೇಳುವುದಾಗಲಿ ಇರಲಿಲ್ಲ.

ಆದರೂ ಅಜ್ಜಾರು ಸಂಗಯ್ಯನನ್ನು ಕರೆಸಿದರು. ಅವನು ಬಂದು ಕಂಬದ ಪಕ್ಕ ನಿಂತ. ಕಣ್ಣು ಕೆಂಪಾಗಿದ್ದವು.

"ಪೈಪಿಗೆ ಧೋತ್ರ ಹಾಕತಿದ್ಯಾ?"

"ಹೌದ್ರಿ."

"ಗೀಸರ್ ನಿನ್ನಿಂದ ಕೆಟ್ಟತೇನು?"

"ಗೊತ್ತಿಲ್ರೀ ಅಜ್ಜಾರ. ಕೆಟ್ಟಿದ್ರೂ ಕೆಟ್ಟಿರಬೇಕು. ಸೋರತೈತಿ ಅಂತ ಇವತ್ತ ಗೀಸರ್ ಹಚ್ಚಿಲ್ಲ. ನೀಲವ್ವ ತಣ್ಣೀರಾಗ ಕೈ ತೊಳಕೊಂಡು ರೊಟ್ಟಿ ಬಡ್ಯಾಕ ಕುಂತಿದ್ಲು. ಬೆರಳು ಮಡಚವಲ್ವು. ನನಗ ಅದನ್ನ ನೋಡಾಕ ಆಗಲಿಲ್ಲ."

"ಸೋರೂ ಜಾಗ ಸಿಗೂತನಕ ಇರತಿಯೇನು?"

ಸಂಗಯ್ಯ ಅಡುಗೆಮನೆಯ ಕಡೆ ನೋಡಿದ.

"ಇರತೀನ್ರಿ. ನನ್ನಿಂದ ಕೆಟ್ಟದ್ದು ಖರೇ ಆದ್ರ, ಅವತ್ತೇ ಹೋಗ್ತೀನಿ."

ಅವನು ಹೋದ ಮೇಲೆ ಅಜ್ಜಾರು ಅಡಿವೆಪ್ಪನ ಕಡೆ ತಿರುಗಿದರು.

"ಜಗತ್ತಿನ ದುಃಖದ ಮೂಲ ಕೇಳಿದೆಲ್ಲ. ಮೊದಲ ಬಚ್ಚಲ ನೀರಿನ ಮೂಲ ಹುಡುಕಿ ಬಾ. ಸಂಗಯ್ಯ ಇರಬೇಕೋ ಹೋಗಬೇಕೋ, ಈಗ ನಿನ್ನ ಕೈಯಾಗೈತಿ."

*

ಅಡಿವೆಪ್ಪ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ಬಚ್ಚಲಮನೆಗೆ ನಡೆದು, ನೀರು ಬೀಳುವ ಜಾಗ ನೋಡಲು ಗೀಸರ್ ಹಚ್ಚಿದ. ತಣ್ಣೀರಿನ ಪೈಪು ಗೀಸರಿಗೆ ಸೇರುವ ಕಡೆ ಒಂದು ನಟ್ಟು. ಅದನ್ನು ಹಲ್ಲು ಕಚ್ಚಿ ಬಿಗಿ ಮಾಡಿದ.

ನೀರು ಬೀಳುವುದು ನಿಲ್ಲಲಿಲ್ಲ.

ಇನ್ನಷ್ಟು ಬಿಗಿ ಮಾಡಿದ. ಒಳಗೆ ಏನೋ ಕಿರ್ರೆಂದಿತು. ಈಗ ನಟ್ಟಿನ ಸುತ್ತಲೂ ನೀರು ಜಿನುಗತೊಡಗಿತು.

ಅವನು ಓಡಿ ಬಂದ.

"ಸಿಕ್ತ್ರಿ ಅಜ್ಜಾರ! ನಟ್ಟಿನ ಹತ್ರನ ಸೋರಾಕತ್ತೈತಿ. ನಾ ಹೇಳಿದ್ದೇ ಖರೇ ಆತು."

ಅಜ್ಜಾರು ಎದ್ದು ಬಂದರು. ಬಗ್ಗಿ ನೋಡಿದರು. ನಟ್ಟಿನಿಂದ ಜಿನುಗಿದ ನೀರು ಒಂದು ಕಡೆ ಬೀಳುತ್ತಿತ್ತು. ಅದಕ್ಕಿಂತ ಒಂದು ಗೇಣು ಆಚೆ, ಮೊದಲಿನ ಹನಿ ಮೊದಲಿನ ಹಾಗೇ ಬೀಳುತ್ತಿತ್ತು.

"ನಿನ್ನೆ ಒಂದು ಕಡೆ ಬೀಳತಿತ್ತು. ಇವತ್ತ ಎರಡು ಕಡೆ ಬೀಳತೈತಿ," ಎಂದರು ಅಜ್ಜಾರು. "ಈ ಎರಡನೇದಕ್ಕ ಯಾರ ಧೋತ್ರ ಕಾರಣ?"

ಅಡಿವೆಪ್ಪ ಪಾನಾವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಪ್ಯಾಟಿಯಿಂದ ಮೇಸ್ತ್ರೀನ ಕರಸೂಣೇನ್ರಿ?"

"ಕರಸೂಣು. ಏನಂತ ಹೇಳಿ ಕರಸ್ತಿ?"

"ಸೋರತೈತಿ ಅಂತ."

"ಎಲ್ಲಿಂದ ಅಂತ ಅವ ಕೇಳಿದ್ರ?"

"ಕೆಳಗಿಂದ್ರಿ."

"ನೀರು ಎಲ್ಲಿದ್ರೂ ಕೆಳಗ ಬೀಳತೈತಿ, ತಮ್ಮಾ. ಬೀಳೂದು ಕಂಡಿ. ಹುಟ್ಟೂದು ಕಂಡ್ಯೇನು?"

ಅಡಿವೆಪ್ಪ ಗೀಸರನ್ನು ನೋಡಿದ. ಆ ಡಬ್ಬಿಯ ತಳವೆಲ್ಲ ಒದ್ದೆಯಾಗಿತ್ತು. ಪೈಪು, ನಟ್ಟು, ಮೂಲೆ ಎಲ್ಲವೂ ತೊಯ್ದಿದ್ದವು. ಯಾವ ಹನಿ ಎಲ್ಲಿಂದ ಬಂದದ್ದು ಎಂದು ಹೇಳುವಂತಿರಲಿಲ್ಲ. ಸಂಗಯ್ಯನ ಹೆಸರು ಹೇಳುವಾಗ ಇದ್ದ ಧೈರ್ಯ ಈಗ ಎಲ್ಲಿ ಹೋಯಿತೋ.

"ಇಲ್ರಿ," ಎಂದ.

*

ನಟ್ಟಿನ ಒಳಗಿನ ವಾಶರು ನುಜ್ಜಾಗಿತ್ತು. ಅಡಿವೆಪ್ಪ ಪೇಟೆಗೆ ಹೋಗಿ ಹೊಸದು ತಂದು ಹಾಕಿದ. ಈ ಸಲ ಹದವಾಗಿ ಬಿಗಿದ. ನಟ್ಟಿನ ನೀರು ನಿಂತಿತು. ತಾನೇ ತಂದ ಸೋರಿಕೆಯನ್ನು ತಾನೇ ಕಳಿಸಿದ ಹಾಗಾಯಿತು.

ಮರುದಿನ ಅಜ್ಜಾರು ಬಚ್ಚಲಮನೆಯ ಹೊಸ್ತಿಲ ಮೇಲೆ ಬಂದು ಕೂತರು.

"ಗ್ಯಾಸ್ ಬಂದ್ ಮಾಡು. ಆಮ್ಯಾಲ ಎಲ್ಲಾ ಒರಸು."

"ಒರಸಿದ್ರ ಸೋರೂದು ನಿಲ್ಲತೈತೇನ್ರಿ?"

"ನಿಲ್ಲಿಸು ಅಂತ ನಾ ಹೇಳಲಿಲ್ಲ. ಒರಸು ಅಂದೆ."

ಅಡಿವೆಪ್ಪ ಒಣ ಅರಿವೆ ತಂದು ತಳ, ಪೈಪು, ಮೂಲೆ ಎಲ್ಲ ಒರೆಸಿದ. ಕೈ ಹೋಗದ ಕಡೆ ಕಡ್ಡಿಗೆ ಅರಿವೆ ಸುತ್ತಿ ಒರೆಸಿದ. ಗೀಸರ್ ಬಂದ ದಿನದಿಂದ ಅವನು ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ.

ಅಜ್ಜಾರು ಮಡಿಲಿನಿಂದ ಒಂದು ವಿಭೂತಿ ಗಟ್ಟಿ ತೆಗೆದು ಕೊಟ್ಟರು.

"ಇದನ್ನ ಪುಡಿ ಮಾಡಿ ಎಲ್ಲಾ ಕಡೆ ಸವರು."

ಅಡಿವೆಪ್ಪ ಗಾಬರಿಯಾದ.

"ವಿಭೂತಿ ಗೀಸರಿಗೇನ್ರಿ?"

"ಯಾಕ, ನಿನ್ನ ಹಣಿಗಷ್ಟೇ ಬರದು ಕೊಟ್ಟೈತೇನು? ಹಚ್ಚು. ಎಲ್ಲಿ ಮೊದಲ ಹನಿ ಮುಟ್ಟತೈತಿ, ಅಲ್ಲಿ ಬಿಳುಪು ಹೋಗತೈತಿ."

ಅಡಿವೆಪ್ಪ ಸವರಿದ. ಗೀಸರಿನ ಕೆಳಭಾಗ ಬೆಳ್ಳಗಾಯಿತು. ಅಡುಗೆಮನೆಯಿಂದ ಬಂದ ನೀಲವ್ವ ಬಾಗಿಲಲ್ಲಿ ಇಣುಕಿ, "ಇದಕ್ಕೂ ದೀಕ್ಷಾ ಕೊಟ್ರೇನ್ರಿ ಅಜ್ಜಾರ?" ಎಂದಳು.

"ಇನ್ನೂ ಇಲ್ಲವ್ವ. ಗುಣ ನೋಡಾಕತ್ತೀವಿ."

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಅಡಿವೆಪ್ಪ ಕೂತು ನೋಡಿದ. ಪೈಪಿನೊಳಗೆ ನೀರು ತುಂಬಿ ನಿಂತಿತ್ತು. ವಿಭೂತಿ ಮಾತ್ರ ಎಲ್ಲಿಯೂ ತೊಯ್ಯಲಿಲ್ಲ.

"ಒಣಗೇ ಐತಲ್ರಿ!"

"ಪೈಪ್ ಸಡಲ ಇದ್ರ?"

"ತೊಯ್ಯಬೇಕಿತ್ತ್ರಿ."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದರ ಅರ್ಥ ಹೊಳೆಯಿತು. ಹಸಿ ಧೋತ್ರ ಬಿದ್ದ ಪೈಪು ಸೋರುತ್ತಿರಲಿಲ್ಲ.

ಆದರೂ ಅವನು ಬಿಡಲಿಲ್ಲ.

"ಹೊರಗ ಸೋರದಿದ್ರೂ, ಎಳದಾಡಿದ್ದಕ್ಕ ಒಳಗ ಏನರ ಒಡದಿರಬೇಕ್ರಿ."

"ಇರಬಹುದು. ನೋಡೂಣು."

"ಗೀಸರ್ ಹಚ್ಚಲೇನ್ರಿ?"

"ಇಷ್ಟು ದಿನ ಎಳದಾಡ್ಯಾರ ಅಂತ ನೀನೇ ಅಂತಿ. ಗ್ಯಾಸ್ ಸೋರಾಕತ್ತಿಲ್ಲ ಅಂತ ಹೆಂಗ ಹೇಳ್ತಿ?"

ಅಡಿವೆಪ್ಪನಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ಅವನು ಹೊರಗೆ ಹೋಗಿ ಸಿಲಿಂಡರು ತೆರೆದು, ಅಡುಗೆಮನೆಗೆ ಓಡಿ ಕಡ್ಡಿಪೆಟ್ಟಿಗೆ ತಂದ. ಗ್ಯಾಸಿನ ಪೈಪಿನ ಹತ್ತಿರ ಹಿಡಿದು ಕಡ್ಡಿ ಗೀರಬೇಕು ಎನ್ನುವಷ್ಟರಲ್ಲಿ ಕೈ ಖಾಲಿಯಾಗಿತ್ತು. ಪೆಟ್ಟಿಗೆ ಪಕ್ಕದ ಬಕೆಟ್ಟಿನ ನೀರಿನಲ್ಲಿ ತೇಲುತ್ತಿತ್ತು. ಅಜ್ಜಾರು ಅಷ್ಟು ಬೇಗ ಏಳುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಉತ್ತರ ಸಿಗತಿತ್ತು," ಎಂದರು ಅಜ್ಜಾರು. "ಕೇಳಾಕ ನಾನೂ ಇರತಿದ್ದಿಲ್ಲ, ನೀನೂ ಇರತಿದ್ದಿಲ್ಲ."

ಅಡಿವೆಪ್ಪ ಪೈಪಿನಿಂದ ಹಿಂದೆ ಸರಿದ. ನೀಲವ್ವ ಒಳಗೆ ಹೋಗಿ ಅಂಟುವಾಳದ ಕಾಯಿ ತಿಕ್ಕಿ ನೊರೆ ಮಾಡಿ ತಂದುಕೊಟ್ಟಳು.

"ಇದನ್ನ ಸವರಪಾ. ಗ್ಯಾಸ್ ಬರತಿದ್ರ ಗುಳ್ಳಿ ಏಳತಾವ."

ರಬ್ಬರ್ ನಳಿಗೆಯ ಉದ್ದಕ್ಕೂ ಕೀಲುಗಳಿಗೂ ನೊರೆ ಸವರಿದರು. ನೊರೆ ಇದ್ದ ಹಾಗೇ ಇತ್ತು. ಹೊಸ ಗುಳ್ಳೆ ಏಳಲಿಲ್ಲ. ಆಮೇಲೆ ಅಜ್ಜಾರು ಕಿಟಕಿ ಪೂರ್ತಿ ತೆಗೆಸಿ, "ಈಗ ನಳ ಬಿಡು," ಎಂದರು.

ಅಡಿವೆಪ್ಪ ತನ್ನ ರೂಢಿಯಂತೆ ಪೂರ್ತಿ ಬಿಟ್ಟ. ಚಳಿಗಾಲ ಬಂದಾಗಿನಿಂದ ಬಕೆಟ್ಟು ಬೇಗ ತುಂಬಲಿ ಎಂದು ಅವನು ನೀರನ್ನು ಜೋರಾಗಿಯೇ ಬಿಡುತ್ತಿದ್ದ. ಟಿಕ್ ಟಿಕ್ ಎಂದು ಉರಿ ಹತ್ತಿತು.

ಸ್ವಲ್ಪ ಹೊತ್ತಿಗೆ ವಿಭೂತಿಯ ಬಿಳುಪಿನಲ್ಲಿ ಒಂದು ಕಪ್ಪು ಗೆರೆ ಇಳಿಯಿತು. ಅದು ಪೈಪಿನಿಂದ ಬರಲಿಲ್ಲ. ಡಬ್ಬಿಯ ಒಳಗಿಂದ, ಉರಿ ಇದ್ದ ಜಾಗದ ಅಂಚಿನಿಂದ ಇಳಿದು, ಪೈಪನ್ನು ಹಿಡಿದು ಜಾರಿ, ಕೆಳಗೆ ಬಿತ್ತು.

"ಅಜ್ಜಾರ, ಇದು ಮ್ಯಾಲಿಂದ ಬರಾಕತ್ತೈತಿ! ಪೈಪಿನ ಮ್ಯಾಲ ಹಾದು ಬರತೈತಿ ಅಷ್ಟ."

ಅವನು ಮಂಡಿಯೂರಿ ಕೂತಿದ್ದ. ಸಂಗಯ್ಯನೂ ಮಠವೂ ಈಗ ಅವನಿಗೆ ಮರೆತುಹೋಗಿದ್ದವು. ಆ ಗೆರೆ ಎಲ್ಲಿಂದ ಬಂತು ಎನ್ನುವುದೊಂದೇ ಬೇಕಾಗಿತ್ತು.

*

ಗ್ಯಾಸ್ ಬಂದ್ ಮಾಡಿ, ಗೀಸರ್ ಆರಿದ ಮೇಲೆ ಮುಂದಿನ ಮುಚ್ಚಳ ತೆಗೆದರು. ಒಳಗೆ ತಾಮ್ರದ ಕೊಳವೆ ಸುತ್ತಿಕೊಂಡಿತ್ತು. ಅದರ ಮೈ ಮೇಲೆಲ್ಲ ಸಣ್ಣ ಸಣ್ಣ ಹನಿಗಳು ನಿಂತಿದ್ದವು.

"ತೂತಾಗೈತ್ರಿ," ಎಂದ ಅಡಿವೆಪ್ಪ. ಅವನ ದನಿ ಇಳಿದಿತ್ತು. ಕೊಳವೆ ಹೋದರೆ ಗೀಸರೇ ಹೋದ ಹಾಗೆ. ಸಂಗಯ್ಯನೂ ಹೋದ ಹಾಗೆ. ಇದು ನಿನ್ನೆಯಾಗಿದ್ದರೆ ಅವನಿಗೆ ಗೆದ್ದ ಖುಷಿ ಆಗುತ್ತಿತ್ತು. ಇವತ್ತು ಆಗಲಿಲ್ಲ.

"ಎಷ್ಟು ತೂತು?"

"ಕಂಡಕಂಡಲ್ಲಿ ಹನಿ ಅದಾವ್ರಿ."

"ಒಂದು ಧೋತ್ರಕ್ಕ ಇಷ್ಟು ತೂತು ಬಿದ್ದುವೇನು?"

ಅಡಿವೆಪ್ಪ ತಲೆ ಕೆರೆದುಕೊಂಡ.

"ಈಗ ಏನು ಮಾಡಬೇಕು, ನೀನೇ ಹೇಳು," ಎಂದರು ಅಜ್ಜಾರು.

ಅವನು ಬಹಳ ಹೊತ್ತು ಕೊಳವೆಯನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಒರಸಬೇಕ್ರಿ," ಎಂದ.

ಅಜ್ಜಾರು ತಲೆಯಾಡಿಸಿದರು.

ಅವನು ಕೊಳವೆಯನ್ನು ಒಣಗಿಸಿದ. ಉರಿ ಹತ್ತಬಾರದೆಂದು, ಕಿಡಿ ಹಾರಿಸುವ ಸೆಲ್ಲನ್ನೂ ಕಿತ್ತ. ಆಮೇಲೆ ನಳ ಬಿಟ್ಟ. ತಣ್ಣೀರು ಕೊಳವೆಯೊಳಗೆ ಹರಿದು ಬಕೆಟ್ಟಿಗೆ ಬಿತ್ತು. ಒಂದು ಬಕೆಟ್ಟು ತುಂಬಿತು, ಇನ್ನೊಂದು ತುಂಬಿತು. ಕೊಳವೆಯ ಹೊರಮೈ ಒಣಗಿಯೇ ಇತ್ತು.

ಅಡಿವೆಪ್ಪ ಬೆರಳಿನಿಂದ ಮುಟ್ಟಿ ನೋಡಿದ. ತಣ್ಣಗಿತ್ತು, ಆದರೆ ಒದ್ದೆ ಇರಲಿಲ್ಲ.

"ತೂತಿಲ್ರಿ! ತೂತಿದ್ರ ಈಗೂ ಸೋರಬೇಕಿತ್ತಲ್ರಿ?"

"ಹೌದು."

"ನೀರು ಹರದ್ರ ಸೋರೂದಿಲ್ಲ. ಬೆಂಕಿ ಹಚ್ಚಿದ್ರ ಸೋರತೈತಿ. ಹಂಗಾರ ಆ ನೀರು ಕೊಳವಿ ಒಳಗಿಂದಲ್ಲ." ಅವನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. "ಹೊರಗಿಂದೂ ಅಲ್ಲ. ಅಜ್ಜಾರ, ಮತ್ತ ಎಲ್ಲಿಂದ ಬರತೈತ್ರಿ ಅದು?"

"ಹೊಳಿಗೆ ಹೋಗಿ ಒಂದು ಕೊಡ ನೀರು ತಾ," ಎಂದರು ಅಜ್ಜಾರು.

"ಬಕೆಟ್ಟಿನ್ಯಾಗ ಐತಲ್ರಿ."

"ಹೊಳಿದು ಬೇಕು. ಸಂಗಯ್ಯನ ಕೊಡದಾಗ ಬೇಕು."

ಅಡಿವೆಪ್ಪ ಅಲ್ಲೇ ನಿಂತ.

"ಅದು ಬೋರಲ ಐತ್ರಿ. ಬ್ಯಾರೆಯವ್ರು ಮುಟ್ಟಬಾರದಲ್ರಿ?"

"ಬೋರಲ ಹಾಕಿಸಿದವ ಬ್ಯಾರೆ ಯಾರಲ್ಲ. ಹೋಗು."

*

ಸಂಗಯ್ಯ ದಿನಾ ನೀರು ತರುವುದನ್ನು ಅಡಿವೆಪ್ಪ ನೋಡಿದ್ದ. ತಾನು ಎಂದೂ ತಂದಿರಲಿಲ್ಲ.

ಚಳಿಗಾಲಕ್ಕೆ ಹೊಳೆ ಒಳಗೆ ಸರಿದಿತ್ತು. ಮೆಟ್ಟಿಲ ಹತ್ತಿರ ಬರೀ ಪಾಚಿ, ರಾಡಿ. ತಿಳಿನೀರು ಬೇಕೆಂದರೆ ಸೊಂಟದ ಮಟ್ಟ ಇಳಿಯಬೇಕು. ಅವನು ಇಳಿದ. ಚಳಿ ಎಲುಬಿಗೆ ಮುಟ್ಟಿತು. ಕೊಡ ಮುಳುಗಿಸಿ ಎತ್ತುವಷ್ಟರಲ್ಲಿ ಬೆರಳು ಮರಗಟ್ಟಿದ್ದವು.

ನಡುಗುತ್ತ ಬಚ್ಚಲಮನೆಗೆ ಬಂದು ಕೊಡ ಇಳಿಸಿದ. ಬಾಗಿಲ ಹಿಂದೆ ಹೋಗಿ ಒಣ ಧೋತ್ರ ಉಟ್ಟುಕೊಂಡು, ಹಸಿಯದನ್ನು ಹಿಂಡಿ, ಹಾಕಲು ಜಾಗ ನೋಡಿದ. ಗೋಡೆಯಲ್ಲಿ ಒಂದು ಗೂಟ ಇತ್ತು ಎಂಬ ನೆನಪು. ಗೂಟವಿದ್ದ ಜಾಗದಲ್ಲಿ ಗೀಸರ್ ಇತ್ತು.

ಅವನು ಧೋತ್ರವನ್ನು ಪೈಪಿನ ಮೇಲೆ ಹಾಕಿದ.

ಹಾಕಿದ ಮೇಲೆ ಕೈ ಅಲ್ಲೇ ನಿಂತುಬಿಟ್ಟಿತು.

ಅಜ್ಜಾರು ನೋಡಿದರು.

ಅಡಿವೆಪ್ಪ ಧೋತ್ರವನ್ನು ತೆಗೆದು ಹೆಗಲ ಮೇಲೆ ಹಾಕಿಕೊಂಡ. ಅದು ಒಣ ಅಂಗಿಯನ್ನೂ ತೋಯಿಸಿತು. ಅವನಿಗೆ ನಾಚಿಕೆಯಾಗಿತ್ತು.

"ಕೊಡ ತಗೊಂಡು ನಡಿ, ಅಡಿಗಿಮನಿಗೆ," ಎಂದರು ಅಜ್ಜಾರು.

*

ಅಡುಗೆಮನೆಯಲ್ಲಿ ನೀಲವ್ವ ಗ್ಯಾಸಿನ ಒಲೆ ಹಚ್ಚಿಕೊಟ್ಟಳು. ಪೂಜೆಯ ಕೊಡವನ್ನು ಒಲೆಯ ಮೇಲೆ ಇಡಲು ಹೇಳಿದಾಗ ಅವಳು, "ವಿಭೂತಿ ಆತು, ಈಗ ಇದು," ಎಂದು ಗೊಣಗಿದಳು. ಆದರೆ ನೋಡುವ ಆಸೆಗೆ ಅಲ್ಲಿಂದ ಕದಲಲಿಲ್ಲ.

ಅಡಿವೆಪ್ಪ ಕೊಡದ ಹೊರಮೈಯನ್ನು ಚೆನ್ನಾಗಿ ಒರೆಸಿದ. ಈಗ ಅವನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಕೊಡವನ್ನು ಉರಿಯ ಮೇಲೆ ಇಟ್ಟ.

ಮೂವರೂ ಬಗ್ಗಿ ನೋಡಿದರು.

ಕೊಡದ ಹೊಳಪು ಮೊದಲು ಮಬ್ಬಾಯಿತು. ಆಮೇಲೆ ತಳದ ಸುತ್ತ ಸಣ್ಣ ಹನಿ ಮೂಡಿದವು. ಹನಿಗೆ ಹನಿ ಸೇರಿ ಕೆಳಗಿಳಿದು, ಉರಿಗೆ ಬಿದ್ದು ಚುಂಯ್ ಎಂದಿತು.

"ಕೊಡ ಸೋರತೈತೇನು?" ಎಂದರು ಅಜ್ಜಾರು.

"ಇಲ್ರಿ. ಈಗಷ್ಟ ಹೊಳಿಯಿಂದ ಹೊತ್ತು ತಂದೀನಿ. ದಾರಿಯಾಗ ಒಂದು ಹನಿ ಬಿದ್ದಿಲ್ಲ."

"ಈ ನೀರು ಎಲ್ಲಿಂದ ಬಂತು?"

ಅಡಿವೆಪ್ಪ ಉರಿಯನ್ನು ನೋಡಿದ, ಕೊಡವನ್ನು ನೋಡಿದ, ಮತ್ತೆ ಉರಿಯನ್ನು ನೋಡಿದ.

"ಉರಿಯಿಂದ್ರಿ," ಎಂದ ಪಿಸುಮಾತಿನಲ್ಲಿ. "ಉರಿಯೊಳಗ ನೀರೈತ್ರಿ! ಆವಿ ಆಗಿ ಇರತೈತಿ. ತಣ್ಣನ ಕೊಡ ಮುಟ್ಟಿದ ಕೂಡ್ಲೆ ಹನಿ ಆಗತೈತಿ."

"ಏನೋಪಾ. ನೀ ಕಂಡದ್ದು ನೀ ಹೇಳಾಕತ್ತಿ."

"ದಿನಾ ಹಿಂಗ ಆಗತೈತಲ್ಲ," ಎಂದಳು ನೀಲವ್ವ. "ಚಳಿಗಾಲದಾಗ ಯಾವ ಭಾಂಡಿ ಇಟ್ರೂ ಮೊದಲ ಬೆವರತೈತಿ. ನಾ ಒರಸಿ ಒರಸಿ ಇಡತೀನಿ. ಬ್ಯಾಸಗಿಯಾಗ ಈ ಕಾಟ ಇರೂದಿಲ್ಲ."

ಅಡಿವೆಪ್ಪ ತಟ್ಟನೆ ತಲೆಯೆತ್ತಿದ.

"ಗೀಸರ್ ಬಂದದ್ದು ಬ್ಯಾಸಗಿಯಾಗಲ್ರಿ? ಅದಕ್ಕ ಇದು ಮೊದಲನೇ ಚಳಿಗಾಲ! ಅದಕ್ಕ ಈಗ ಸುರು ಆಗೈತಿ!"

ಅವನು ಮಕ್ಕಳ ಹಾಗೆ ಕುಣಿಯುವುದೊಂದು ಬಾಕಿ. ಮತ್ತೆ ಕೊಡದ ಕಡೆ ಬಗ್ಗಿದ. ಹನಿಗಳನ್ನು ಒರೆಸಲು ಅರಿವೆ ಎತ್ತಿಕೊಂಡ.

ಅಜ್ಜಾರು ಅವನ ಕೈ ಹಿಡಿದರು.

"ಒರಸಬ್ಯಾಡ ಈಗ. ಸುಮ್ಮನ ನೋಡು."

ನೋಡಿದರು. ಕೊಡದ ನೀರು ಬೆಚ್ಚಗಾಗುತ್ತ ಬಂತು. ಹೊಸ ಹನಿ ಮೂಡುವುದು ಕಡಿಮೆಯಾಯಿತು. ಇದ್ದ ಹನಿ ಚಿಕ್ಕದಾದವು. ಆಮೇಲೆ ಒಂದೊಂದೇ ಕಾಣದಾದವು. ಕೊಡ ತನ್ನಷ್ಟಕ್ಕೆ ಒಣಗಿ ಮತ್ತೆ ಹೊಳೆಯಿತು.

"ಬಿಸಿ ಆದ ಮ್ಯಾಲ ತಾನ ನಿಂತತಲ್ರಿ," ಎಂದ ಅಡಿವೆಪ್ಪ.

"ಹೌದು. ಅದಕ್ಕ ಹೊತ್ತು ಕೊಡಬೇಕು."

ಬಚ್ಚಲಮನೆಗೆ ಮರಳಿ ಮುಚ್ಚಳ ಕೂಡಿಸಿದರು. ಸೆಲ್ಲು ಹಾಕಿದರು. ಅಡಿವೆಪ್ಪ ನಳದ ಕಿವಿ ಹಿಡಿದು ಪೂರ್ತಿ ತಿರುವಲು ಹೋದವನು ನಿಲ್ಲಿಸಿದ.

"ಅಜ್ಜಾರ, ನೀರು ಜೋರ ಬಿಟ್ರ ಕೊಳವಿ ತಣ್ಣಗ ಉಳೀತೈತಿ, ಅಲ್ರಿ? ಬಿಸಿ ಆಗಾಕ ಅದಕ್ಕ ಹೊತ್ತ ಸಿಗೂದಿಲ್ಲ."

"ನನ್ನ ಯಾಕ ಕೇಳ್ತಿ? ಅದನ್ನ ಕೇಳು."

ಅವನು ನೀರನ್ನು ಸಣ್ಣಗೆ ಬಿಟ್ಟ. ಉರಿ ಹತ್ತಿತು. ಮೊದಲು ಕೆಲವು ಹನಿ ಬಿದ್ದವು. ಅವನ ಕೈ ಪಾನಾದ ಕಡೆ ಹೋಯಿತು. ಅಜ್ಜಾರು ಕೆಮ್ಮಿದರು. ಕೈ ಹಿಂದೆ ಬಂತು.

ಹನಿಗಳು ನಿಧಾನವಾದವು. ಕೊನೆಗೆ ನಿಂತವು.

ನೀಲವ್ವ ಬಕೆಟ್ಟಿನ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಬೆರಳು ನೀರೊಳಗೆ ಮಡಚಿ ಬಿಚ್ಚಿದವು.

*

ಸಂಗಯ್ಯ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಗಂಟು ಇತ್ತು.

ಅಡಿವೆಪ್ಪ ಅವನ ಕೊಡ ಹೊತ್ತು ಬಂದು ಮುಂದೆ ನೆಟ್ಟಗೆ ಇಟ್ಟ.

"ಸಂಗಯ್ಯಾ, ಗೀಸರ್ ಸೋರತಿದ್ದಿಲ್ಲ."

"ಏನಂದಿ?"

"ಅದು ಸೋರಿಕೆನ ಅಲ್ಲ. ಚಳಿಗೆ ಬೆವರತಿತ್ತು. ನಿನ್ನಿಂದ ಏನೂ ಕೆಟ್ಟಿಲ್ಲ. ಖರೇ ಸೋರಿದ್ದು ಒಂದ ಸಲ, ಅದೂ ನಾ ನಟ್ ಬಿಗಿ ಮಾಡಿದ್ದಕ್ಕ. ನಾ ನೋಡದ ಹೇಳಿದೆ. ಎಲ್ಲಾರ ಮುಂದ ಹೇಳಿದೆ. ನಂದ ತಪ್ಪು."

ಸಂಗಯ್ಯ ಕೊಡವನ್ನು ನೋಡಿದ. ಅದರ ತಳ ಕಪ್ಪಾಗಿತ್ತು.

"ಇದನ್ಯಾಕ ಒಲಿ ಮ್ಯಾಲ ಇಟ್ಟಿದ್ರಿ?"

ಅಡಿವೆಪ್ಪ ನಡೆದದ್ದನ್ನೆಲ್ಲ ಹೇಳಿದ. ಕಡ್ಡಿಪೆಟ್ಟಿಗೆಯನ್ನೂ ಬಿಡಲಿಲ್ಲ. ಗೂಟದ ಮಾತು ಬಂದಾಗ, "ನಾನೂ ಅಲ್ಲೇ ಹಾಕಿದೆ," ಎಂದ. ಪ್ರಸಾದದ ಹೊತ್ತಿಗೆ ಎಲ್ಲರ ಮುಂದೆ ಎದ್ದು ನಿಂತು ಮತ್ತೊಮ್ಮೆ ಹೇಳಿದ. ಬಚ್ಚಲಮನೆಯ ಇನ್ನೊಂದು ಗೋಡೆಗೆ ತಾನೇ ಹೊಸ ಗೂಟ ಹೊಡೆದ.

ಸಂಗಯ್ಯ ಗಂಟು ಬಿಚ್ಚಿದ. ಮರುದಿನ ಪೂಜೆಗೆ ನೀರು ಬಂತು.

ಆದರೆ ಅವನು ಅಡಿವೆಪ್ಪನ ಪಕ್ಕ ಕೂರುತ್ತಿರಲಿಲ್ಲ. ಪ್ರಸಾದಕ್ಕೆ ಸಾಲಿನ ತುದಿಯಲ್ಲಿ ಬಾಗಿಲ ಹತ್ತಿರ ಕೂತು, ತಲೆ ಬಗ್ಗಿಸಿ ಉಂಡು ಎದ್ದುಬಿಡುತ್ತಿದ್ದ. ಮಾತಾಡಿಸಿದರೆ ಹೂಂ ಎನ್ನುತ್ತಿದ್ದ. ಒಂದು ಮುಂಜಾನೆ ಅವನು ಮೆಟ್ಟಿಲ ಮೇಲೆ ಒಬ್ಬನೇ ಕೂತು ಕಣ್ಣು ಒರೆಸಿಕೊಳ್ಳುವುದನ್ನು ಅಡಿವೆಪ್ಪ ಕಂಡ.

ಅವನು ನೇರ ಅಜ್ಜಾರ ಹತ್ತಿರ ಬಂದ. ಮುಖ ಬಾಡಿತ್ತು. ಗೂಟ ಹೊಡೆದಾಗಿನಿಂದ ಅವನು ಪಾನಾ ಹಿಡಿದು ಅಲ್ಲಿ ಇಲ್ಲಿ ಏನಾದರೂ ಸರಿಮಾಡುತ್ತ ತಿರುಗುತ್ತಿದ್ದ. ಈಗಲೂ ಅದು ಕೈಯಲ್ಲಿತ್ತು.

"ಅಜ್ಜಾರ, ಅವನ ಕಣ್ಣೀರು ಇನ್ನೂ ನಿಂತಿಲ್ರಿ."

"ಹೌದೇನು."

"ತಪ್ಪಾತು ಅಂದೆ. ಎಲ್ಲಾರ ಮುಂದ ಅಂದೆ. ಗೂಟಾನೂ ಹೊಡದೆ. ಮಾಡೂದೆಲ್ಲಾ ಮಾಡೀನಿ. ಎಲ್ಲಿ ಉಳದೈತಿ, ನನಗ ಕಾಣವಲ್ದು. ಇನ್ನ ಏನು ಸರಿ ಮಾಡಲ್ರಿ?"

ಅಜ್ಜಾರು ಅವನ ಕೈಯಿಂದ ಪಾನಾ ತೆಗೆದುಕೊಂಡು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

"ಹೋಗು, ಅವನ ಹತ್ರ ಕುಂದ್ರು. ಒರಸಾಕ ಹೋಗಬ್ಯಾಡ. ಬಿಸಿ ಆಗೂತನಕ ಕಾಯಿ."